ಹೊನ್ನೆ ಮರದ ಬುಡದಿಂದ ತಾಯಿಯವರು ಎದ್ದು ಹೋದದ್ದು

ಕಲಘಟಗಿ ಸೀಮೆಯ ಬಸರಿಕೊಪ್ಪದಲ್ಲಿ ಪೂಜ್ಯ ನಿಂಬೆವ್ವ ತಾಯಿಯವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಊರಾಚೆಯ ಹೊಲದ ಬದುವಿನಲ್ಲಿ ಒಂದು ಹೊನ್ನೆ ಮರ, ಅದರ ಬುಡದಲ್ಲಿ ಒಂದು ಚಪ್ಪಡಿಕಲ್ಲು, ಆ ಕಲ್ಲಿನ ಮೇಲೆ ಕಂಬಳಿ ಮತ್ತು ತಂಬಿಗೆ. ತಾಯಿಯವರ ಸಂಸಾರವೆಂದರೆ ಇಷ್ಟೇ. ಮಳೆ ಜೋರಾದರೆ ಹೊಲದವರ ದನದ ಕೊಟ್ಟಿಗೆಗೆ ಹೋಗುತ್ತಿದ್ದರು, ನಿಂತರೆ ಮರಳಿ ಬರುತ್ತಿದ್ದರು. ಮಾತು ಬಲು ಅಪರೂಪ. ಪವಾಡ ಬಯಸಿ ಬಂದವರು ಬರಿಗೈಯಲ್ಲಿ ಹೋಗುತ್ತಿದ್ದರು. ಈ ಪ್ರಸಂಗದಲ್ಲೂ ಕೊಡಲಿ ಹೂವಾಗುವುದಿಲ್ಲ. ಅಂಥದ್ದಕ್ಕೆ ಕಾದು ಕುಳಿತವರು ಈಗಲೇ ನಿರಾಶರಾಗಿಬಿಡುವುದು ಒಳ್ಳೆಯದು.

ಅದೇ ಊರಿನಲ್ಲಿ ಮೌನೇಶಪ್ಪನೆಂಬ ಬಡಿಗನಿದ್ದ. ಸುತ್ತಿನ ಹಳ್ಳಿಗಳಲ್ಲಿ ಕಂಬ, ತೊಲೆ, ಜಂತೆಗಳ ಮೇಲೆ ನಿಂತ ಮನೆಗಳಲ್ಲಿ ಅರ್ಧದಷ್ಟು ಅವನ ಕೈಯವೇ. ಅವನು ಮಾತ್ರ ಹೆಂಡತಿ ಚಂದ್ರವ್ವನೊಡನೆ ತಗಡಿನ ಸೂರಿನ ಕೆಳಗೆ ಕಾಲ ಹಾಕಿದ. ನಮಗೂ ಒಂದು ಮನೆ ಬೇಡವೇ ಎಂದು ಆಕೆ ಕೇಳಿದಾಗೆಲ್ಲ ಅವನದು ಒಂದೇ ಉತ್ತರ: "ಬಡಿಗ್ಯಾನ ಮನಿಗೆ ಕೂಡಿಸಿದ ತೊಲಿ ಹಾಕಿದ್ರ ಮಂದಿ ನಗತಾರ. ಒಂದ ಮರದ್ದು ಉದ್ದನ್ನ ತೊಲಿ ಸಿಗಲಿ, ಆಮ್ಯಾಲೆ ಕಟ್ಟೂಣು." ಅಂಥ ಮರ ಸಿಗಲಿಲ್ಲವೆಂದಲ್ಲ. ಸಿಕ್ಕಿದ್ದೆಲ್ಲ ಬೇರೆಯವರ ಮನೆಗೆ ಹೋಯಿತು. ಚಂದ್ರವ್ವ ಕಣ್ಣು ಮುಚ್ಚಿದ ದಿನವೂ ಅವನು ಪರವೂರಿನಲ್ಲಿ ಯಾರದೋ ಮಾಡಿಗೆ ಜಂತೆ ಏರಿಸುತ್ತಿದ್ದ.

ಮಕ್ಕಳಿರಲಿಲ್ಲ. ಒಬ್ಬನೇ ರೊಟ್ಟಿ ಬಡಿದುಕೊಂಡು, ಒಬ್ಬನೇ ತಿಂದು, ಹಗಲೆಲ್ಲ ಆಕೆ ಕೇಳಿದ್ದ ಮನೆ ಕಟ್ಟತೊಡಗಿದ. ಗೋಡೆ ಎದ್ದವು, ಕಂಬ ನಿಂತವು. ನಡುಮನೆಯ ತೊಲೆಯೊಂದು ಬಾಕಿ. ಅಷ್ಟರಲ್ಲಿ ಸುತ್ತಲಿನ ಉದ್ದನೆಯ ಹೊನ್ನೆಗಳೆಲ್ಲ ಕೊಡಲಿಗೆ ಸಿಕ್ಕು ಮುಗಿದಿದ್ದವು. ಉಳಿದದ್ದು ತಾಯಿಯವರು ಕುಳಿತ ಮರ ಒಂದೇ. ಅದಿಲ್ಲದಿದ್ದರೆ ಹೆಂಡತಿಗೆ ಕೊಟ್ಟ ಮಾತು ಮಣ್ಣುಪಾಲು ಎಂದುಕೊಂಡ. ಹೊಲದ ಒಡೆಯರು ಮರ ಕೊಡಲು ಒಪ್ಪಿ, "ತಾಯಾರನ್ನ ಒಂದ ಮಾತು ಕೇಳಿ ಕಡಿಯಪಾ" ಎಂದರು. "ನೆರಳಿಗೆ ಕುಂತವ್ರೆಲ್ಲಾ ಮರದ ಮಾಲಕರೇನ್ರಿ?" ಎಂದುಬಿಟ್ಟ. ಸಾಧುಸಂತರೆಂದರೆ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಮರ ಕಡಿಯುವ ಹಿಂದಿನ ಸಂಜೆ ಬಡಿಗರಲ್ಲಿ ಒಂದು ಪದ್ಧತಿಯುಂಟು. ಬುಡಕ್ಕೆ ಅರಿಸಿನ ಕುಂಕುಮ ಹಚ್ಚಿ, ಬೆಲ್ಲವಿಟ್ಟು, ಕೊಡಲಿಯನ್ನು ಮರಕ್ಕೆ ಒರಗಿಸಿ ಕೈಮುಗಿಯುತ್ತಾರೆ. ಮೌನೇಶಪ್ಪ ತಾಯಿಯವರತ್ತ ತಿರುಗಿಯೂ ನೋಡದೆ ಅದನ್ನೆಲ್ಲ ಮಾಡಿದ. ತಂದೆ ಕಲಿಸಿದ ಮಾತನ್ನು ಎಂದಿನಂತೆ ಗಡಬಡಿಸಿ ಒಪ್ಪಿಸಿದ: "ಈ ಮರದಾಗ ಇರೋ ಹಕ್ಕಿ, ಹಾವು, ಇರುವಿ, ಕಣ್ಣಿಗೆ ಕಾಣೋವ್ರು, ಕಾಣದವ್ರು, ಎಲ್ಲಾರೂ ಬ್ಯಾರೆ ಠಾವು ನೋಡ್ಕೋರಿ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

ಕೈ ಇಳಿಸಿ ನೋಡುತ್ತಾನೆ, ತಾಯಿಯವರು ಎದ್ದು ನಿಂತಿದ್ದಾರೆ. ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡರು, ತಂಬಿಗೆಯ ನೀರನ್ನು ಬುಡಕ್ಕೆ ಸುರಿದರು, ಹೊರಟರು.

ಮೌನೇಶಪ್ಪ ಗಾಬರಿಯಾದ. ಜಗಳವಾದೀತೆಂದು ಸಜ್ಜಾಗಿ ಬಂದವನು ಇದನ್ನು ಎಣಿಸಿರಲಿಲ್ಲ.

"ತಾಯೀ, ನಿಮಗಲ್ರಿ ನಾ ಅಂದದ್ದು!"

ತಾಯಿಯವರು ತಿರುಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ಮತ್ತ ಯಾರಿಗೆ ಅಂದೀಪಾ?"

ಅಷ್ಟು ಕೇಳಿ ಬದುವಿನ ಗುಂಟ ನಡೆದುಹೋದರು. ಮೌನೇಶಪ್ಪ ಎಷ್ಟು ಮರಗಳ ಮುಂದೆ ಆ ಮಾತು ಹೇಳಿದ್ದ! ಒಮ್ಮೆಯೂ ಅದನ್ನು ಯಾರಾದರೂ ಕೇಳಿಸಿಕೊಂಡಾರೆಂದು ಅವನಿಗೆ ಅನ್ನಿಸಿರಲಿಲ್ಲ.

ಬೆಳಗಾದೊಡನೆ ಬಂದ. ಕೊಡಲಿ ಒರಗಿಸಿದಲ್ಲೇ ಇತ್ತು. ಮೇಲಿನ ಪೊಟರೆಯಲ್ಲಿ ಗೊರವಂಕದ ಮರಿಗಳು ಬಾಯಿ ತೆರೆದು ಕೂಗುತ್ತಿದ್ದವು; ಅವಕ್ಕೆ ಬೇರೆ ಠಾವಿಗೆ ಹೋಗಲು ರೆಕ್ಕೆ ಬಂದಿರಲಿಲ್ಲ. ಕೆಳಗೆ ಬರಿದಾದ ಚಪ್ಪಡಿಕಲ್ಲು. ಚಂದ್ರವ್ವ ಹೋದ ಮೇಲೆ ಒಲೆಯ ಮುಂದಿನ ಆಕೆಯ ಮಣೆ ಹೀಗೆಯೇ ಇತ್ತು. ಮೌನೇಶಪ್ಪನಿಗೆ ಅಳು ಬಂತು. ಕೊಡಲಿ ಎತ್ತಿಕೊಂಡು, ಮರವನ್ನು ಮುಟ್ಟದೆ, ತಾಯಿಯವರನ್ನು ಹುಡುಕುತ್ತ ಹೋದ.

ಊರಂಚಿನ ಹಾಳುಮನೆಯಲ್ಲಿ ಸಿಕ್ಕರು. ವಾರಸುದಾರರಿಲ್ಲದೆ ಮಾಡು ಕುಸಿದ ಮನೆ ಅದು. ಊರವರು ಒಲೆ ಉರಿಸಲು ಒಂದೊಂದೇ ಜಂತೆ ಒಯ್ಯುತ್ತಿದ್ದರು. ಮಣ್ಣಿನಲ್ಲಿ ಅರ್ಧ ಹೂತ ಒಂದು ತೊಲೆಯ ಮೇಲೆ ತಾಯಿಯವರು ಕುಳಿತಿದ್ದರು. ಅವನು ಕಾಲಿಗೆರಗಿ, ಚಂದ್ರವ್ವನದು, ಮನೆಯದು, ಒಂದೇ ಮರದ ತೊಲೆಯದು ಎಲ್ಲವನ್ನೂ ಹೇಳಿಕೊಂಡ. ಇಷ್ಟು ಮಾತು ಅವನು ಯಾರೊಡನೆಯೂ ಆಡಿ ವರ್ಷಗಳೇ ಆಗಿದ್ದವು.

"ಆಕಿ ಏನು ಕೇಳಿದ್ಲು?" ಎಂದರು ತಾಯಿಯವರು.

"ಮನಿ ಕೇಳಿದ್ಲ್ರೀ."

"ಉದ್ದನ್ನ ತೊಲಿ?"

"ಅದು ನಾ ಅಂದದ್ದುರಿ, ತಾಯಿ. ಆಕಿ ಬರೇ ಮನಿ ಕೇಳಿದ್ಲು."

ತಾಯಿಯವರು ತಾವು ಕುಳಿತ ತೊಲೆಯನ್ನು ಅಂಗೈಯಿಂದ ತಟ್ಟಿದರು. "ಗಟ್ಟಿ ಐತಿ. ಕುಂತು ನೋಡು."

ಅವನು ಕುಳಿತ. ಆಮೇಲೆ ಉಳಿ ತೆಗೆದು ಮೇಲಿನ ಕೊಳೆತ ಪದರು ಕೆತ್ತಿದ. ಒಳಗೆ ಕೆಂಪು ಹೊನ್ನೆ, ಹುಳ ಮುಟ್ಟದ್ದು. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಬಿದ್ದಿತ್ತು. ಎರಡೂ ಗಿಡ್ಡ. ಊರಿನ ಹಿರಿಯರನ್ನು ಕೇಳಿ ಎರಡನ್ನೂ ಮನೆಗೆ ಸಾಗಿಸಿದ. ತುದಿಗೆ ತುದಿ ಕಚ್ಚಿಸಿ, ಕೂಡುವಲ್ಲಿ ಕೆಳಗೊಂದು ಕಂಬ ಕೊಟ್ಟು ಏರಿಸಿದ. ಯಾವ ಉದ್ದನೆಯ ತೊಲೆಗೂ ಅವನು ಅಷ್ಟು ಜೀವ ತೇಯ್ದಿರಲಿಲ್ಲ. ನಕ್ಕವರು ನಕ್ಕರು. ನಮ್ಮ ಜನಕ್ಕೆ ನಗಲು ಕಾರಣವಾದರೂ ಏಕೆ ಬೇಕು?

ತಾಯಿಯವರನ್ನು ಆ ಮನೆಗೆ ಕರೆದ. ಅವರು ಬರಲಿಲ್ಲ, ಹೊನ್ನೆಯ ಬುಡಕ್ಕೆ ಮರಳಿದರು. ಮುಂದೆಯೂ ಮೌನೇಶಪ್ಪ ಮರ ಕಡಿದ, ಬಡಿಗನಲ್ಲವೇ. ಆದರೆ ಮೊದಲು ಹಳೆಯ ಮನೆಗಳಲ್ಲಿ ಬಿದ್ದ ತೊಲೆ ಹುಡುಕುತ್ತಿದ್ದ. ಹಸಿಮರವೇ ಬೇಕಾದರೆ ಆ ಮಾತನ್ನು ನಿಧಾನವಾಗಿ ಹೇಳಿ, ಕತ್ತೆತ್ತಿ ನೋಡುತ್ತ ಕೂರುತ್ತಿದ್ದ. ಗೂಡಿನಲ್ಲಿ ಮರಿಗಳಿದ್ದರೆ ಎಂಥ ಗೌಡರ ಮನೆಯ ಕೆಲಸವಾದರೂ ನಿಲ್ಲುತ್ತಿತ್ತು. ಹೊನ್ನೆಯ ಬೀಜ ಆಯ್ದು ತಂದು ಬದುಗಳಲ್ಲಿ ಊರುವುದನ್ನೂ ಬಿಡಲಿಲ್ಲ.

ಗೃಹಪ್ರವೇಶದ ದಿನದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಉಂಡ ಜನ ಹೋದರು, ಮನೆ ಖಾಲಿಯಾಯಿತು. ಹಿಂದುಳಿದಿದ್ದ ಹೊಲದ ಒಡೆಯರು ಬಾಗಿಲಲ್ಲಿ ನಿಂತು ಕಂಡದ್ದು ಇದು: ಮೌನೇಶಪ್ಪ ಕೂಡಿಸಿದ ತೊಲೆಯ ಕೆಳಗೆ ಒಬ್ಬನೇ ನಿಂತು, "ಮನಿ ಆತು. ತಡ ಆತು, ಸಿಟ್ಟಾಗಬ್ಯಾಡ" ಎನ್ನುತ್ತಿದ್ದ.

"ಯಾರಿಗೆ ಅನ್ನಾಕತ್ತೀಯೋ, ಮೌನೇಶಾ?" ಎಂದರು ಅವರು.

ಅವನು ಕಣ್ಣೊರೆಸಿಕೊಂಡು ಹೇಳಿದ: "ಚಂದ್ರವ್ವಗ್ರೀ."