ಕಮೋಡಿನ ಕೆಳಗೆ ಸಾಹುಕಾರರ ಹೆಸರು

ರಾಣೆಬೆನ್ನೂರಿನ ರುದ್ರಮುನಿ ಸಾಹುಕಾರರದು ಕಮೋಡು, ನಲ್ಲಿ ಮಾರುವ ಅಂಗಡಿ. ಅದರ ಫೋಟೊಗಳು ಇಂಟರ್ನೆಟ್ಟಿನಲ್ಲಿದ್ದವು. ಆದರೆ ಹುಡುಕಿದವರಿಗೆ ಸಿಗುತ್ತಿರಲಿಲ್ಲ.

"ಫೋಟೊಗಳಿಗೆ ಬರೀ ನಂಬರ್ ಇದೆ. ಯಾವ ವಸ್ತು, ಯಾವ ಊರು ಅಂತ ಬರೆದರೆ ಸಿಗ್ತಾವೆ," ಎಂದಳು ಗುಮಾಸ್ತೆ ನಸೀಮಾ.

"ಎಲ್ಲದಕ್ಕೂ ನನ್ನ ಹೆಸರು ಬರಿ. ಮುಂದೆ ಸಮಾಜಭೂಷಣ ಅಂತಿರಲಿ. ತಿಂಗಳೊಳಗೆ ಹುಡುಕಿದವರಿಗೆ ಸಿಗಲಿಲ್ಲ ಅಂದ್ರೆ ನೀನು ಬೇರೆ ಕೆಲಸ ನೋಡ್ಕೋ," ಎಂದರು ಸಾಹುಕಾರರು.

ನಸೀಮಾ ನೂರಾ ಹನ್ನೆರಡು ಫೋಟೊಗಳಿಗೂ ಹಾಗೆಯೇ ಬರೆದಳು.

ಮೂರನೆಯ ವಾರ ಸಾಹುಕಾರರ ಮಗಳಿಗೆ ಒಂದು ಸಂಬಂಧ ಬಂತು. ಹುಡುಗಿಯ ತಂದೆ ಎಂಥವರೆಂದು ತಿಳಿಯಲು ಹುಡುಗನ ಕಡೆಯವರು ಮೊಬೈಲಿನಲ್ಲಿ ಅವರ ಹೆಸರು ಹುಡುಕಿದರು. ಸಾಲಾಗಿ ಕಮೋಡುಗಳು ಬಂದವು. ಪ್ರತಿಯೊಂದರ ಕೆಳಗೂ 'ಸಮಾಜಭೂಷಣ ರುದ್ರಮುನಿ' ಎಂದಿತ್ತು. ಒಂದರ ಮುಚ್ಚಳ ತೆರೆದಿತ್ತು. ಅವರು ನಗುತ್ತ ಅದನ್ನು ಸಾಹುಕಾರರಿಗೇ ತೋರಿಸಿದರು.

ಸಾಹುಕಾರರು ನೇರ ಅಂಗಡಿಗೆ ಬಂದರು. "ಏನಿದು?"

"ಸಿಕ್ಕಿದ್ದೀರಿ ಸಾಹುಕಾರ್ರೆ. ತಿಂಗಳು ತುಂಬೋಕೆ ಇನ್ನೂ ಹತ್ತು ದಿನ ಇದೆ."

"ತೆಗಿ ನನ್ನ ಹೆಸರು."

"ಅದರ ಜಾಗದಲ್ಲಿ ಏನು ಬರೀಲಿ?"

"ಏನಿದೆಯೋ ಅದನ್ನೇ ಬರಿ."

ನಸೀಮಾ ಬರೆದಳು: ಬಿಳಿ ಕಮೋಡು, ರಾಣೆಬೆನ್ನೂರು. ಹಿತ್ತಾಳೆ ನಲ್ಲಿ, ರಾಣೆಬೆನ್ನೂರು. ಮುಂದಿನ ವಾರ ಬ್ಯಾಡಗಿಯ ಮೇಸ್ತ್ರಿಯೊಬ್ಬರು ಮೊಬೈಲಿನಲ್ಲಿ ಬಿಳಿ ಕಮೋಡು ತೋರಿಸುತ್ತ ಅಂಗಡಿಯೊಳಗೆ ಬಂದರು.

ಹೆಸರು ತೆಗೆಯದೆ ಉಳಿದದ್ದು ಒಂದೇ ಫೋಟೊ. ಅದರಲ್ಲಿ ಸಾಹುಕಾರರು ಪೇಟ ಸುತ್ತಿಕೊಂಡು, ಹಾರ ಹಾಕಿಸಿಕೊಂಡು ಕೂತಿದ್ದರು.

"ಇದಕ್ಕೂ ಏನಿದೆಯೋ ಅದನ್ನೇ ಬರೀಲಾ?" ಎಂದಳು ನಸೀಮಾ.

ಸಾಹುಕಾರರು ಬಗ್ಗಿ ಫೋಟೊ ನೋಡಿದರು.

"ಅದಕ್ಕೆ ಮೊದಲಿನ ನಂಬರೇ ಇರಲಿ," ಎಂದರು.