ದನಿಗೆ ಕಾವಲು ಕೂತವನು

“ಗುರುಗಳೇ, ಕೈಗೆ ಸಿಕ್ಕಿದ್ದು ಜಾರಿಹೋಗದಂತೆ ಕಾಪಾಡಿಕೊಳ್ಳುವುದು ಹೇಗೆ?” ಎಂದು ಶಿಷ್ಯ ಕೇಳಿದ. ಹಿಂದಿನ ವಾರ ಧ್ಯಾನಕ್ಕೆ ಕೂತಿದ್ದಾಗ ಅವನ ಮನಸ್ಸು ಒಮ್ಮೆ ಪೂರ್ತಿ ನಿಶ್ಚಲವಾಗಿತ್ತು. ಅಂದಿನಿಂದ ಅವನಿಗೆ ನೆಮ್ಮದಿಯಿರಲಿಲ್ಲ.

ಗುರು ಹೇಳಿದರು:

ಒಬ್ಬ ಸಂಗೀತಗಾರನಿದ್ದ. ಅವನ ಬಳಿ ಸಿಂಥಸೈಜರ್ ಎಂಬ, ಕರೆಂಟಿನಿಂದ ದನಿ ಹುಟ್ಟಿಸುವ ಹಳೆಯ ಕಾಲದ ವಾದ್ಯವೊಂದಿತ್ತು. ಮುಂದೆ ಹಾರ್ಮೋನಿಯಮ್ಮಿನ ಹಾಗೆ ಕೀಲಿಮಣೆ, ಮೇಲೆ ಸಾಲುಸಾಲಾಗಿ, ಹಳೆಯ ರೇಡಿಯೋದಲ್ಲಿರುವಂಥ ತಿರುಪುಗಳು. ತಿರುಪುಗಳು ಎಲ್ಲಿ ನಿಂತಿವೆಯೋ ಅದರಂತೆ ದನಿ. ಈಗಿನ ಯಂತ್ರಗಳು ಮಾಡಿದ ದನಿಯನ್ನು ನೆನಪಿಟ್ಟುಕೊಳ್ಳುತ್ತವೆ. ಆ ಹಳೆಯದಕ್ಕೆ ನೆನಪೆಂಬುದೇ ಇರಲಿಲ್ಲ. ಒಂದು ತಿರುಪು ಕೂದಲೆಳೆಯಷ್ಟು ಸರಿದರೆ ಮೊದಲಿನ ದನಿ ಹೋದಂತೆಯೇ.

ಒಂದು ದಿನ ಅದರಿಂದ ಅಪರೂಪದ ದನಿಯೊಂದು ಹೊರಟಿತು. ಒಬ್ಬ ನಿರ್ದೇಶಕಿ ಕೇಳಿ, “ನನ್ನ ಸಿನಿಮಾದ ಕೊನೆಯ ದೃಶ್ಯಕ್ಕೆ ಇದೇ ಬೇಕು. ದೃಶ್ಯ ಸಿದ್ಧವಾದ ಮೇಲೆ ಬರ್ತೀನಿ. ತೆರೆ ನೋಡಿಕೊಂಡು ನುಡಿಸಿ” ಎಂದಳು. ಅಲ್ಲಿಯವರೆಗೆ ಅವನನ್ನು ಯಾವ ಸಿನಿಮಾದವರೂ ಕರೆದಿರಲಿಲ್ಲ.

ಆಕೆ ಹೋದ ಮೇಲೆ ಅವನಿಗೆ ಭಯ ಶುರುವಾಯಿತು. ತಿರುಪುಗಳ ಫೋಟೋ ತೆಗೆದ. ಫೋಟೋದಲ್ಲಿ ಕೂದಲೆಳೆ ಕಾಣುವುದಿಲ್ಲ ಎಂದು ಹೊಳೆದು ಭಯ ಹೆಚ್ಚಿತು. ಯಂತ್ರವನ್ನು ಆಫ್ ಮಾಡಲೇ ಇಲ್ಲ. ಕರೆಂಟು ಹೋದರೆ ಎಂದು ಬ್ಯಾಟರಿ ತಂದಿಟ್ಟ. ಗಾಳಿಗೆ ಶ್ರುತಿ ಕೆಡುತ್ತದೆ ಎಂದು ಫ್ಯಾನು ನಿಲ್ಲಿಸಿ ಕಿಟಕಿ ಮುಚ್ಚಿದ. ಕೋಣೆ ಕಾದು ಶ್ರುತಿ ಕೆಡಲು ತೊಡಗಿತು. ಮತ್ತೆ ಕಿಟಕಿ ತೆರೆದ. ಬೆಳಗ್ಗೆ ಎದ್ದವನೇ ಒಂದು ಕೀಲಿ ಒತ್ತಿ ದನಿ ಇದೆಯೇ ಎಂದು ನೋಡುತ್ತಿದ್ದ. ಕೈ ತಾಗಿ ತಿರುಪು ಸರಿದೀತೆಂದು ಅದನ್ನೂ ಬಿಟ್ಟ. ಆಮೇಲೆ ದನಿ ಇದೆಯೋ ಹೋಯಿತೋ ತಿಳಿಯದೆ ಒದ್ದಾಡಿದ. ನುಡಿಸುವುದಂತೂ ಯಾವಾಗಲೋ ನಿಂತಿತ್ತು.

“ಏನ್ರೀ, ಅದರ ಮುಂದೆ ಕೂತು ಏನು ಮಾಡ್ತಿದ್ದೀರಿ?” ಎಂದು ಹೆಂಡತಿ ಕೇಳಿದಳು.

“ನೋಡ್ಕೋತಿದ್ದೀನಿ.”

“ಒಲೆ ಮೇಲೆ ಹಾಲಿಟ್ಟಿದ್ದೀನಿ. ಅದನ್ನೂ ಸ್ವಲ್ಪ ನೋಡ್ಕೊಳ್ಳಿ. ಅದಾದ್ರೆ ಉಕ್ಕುತ್ತೆ.”

ಅವನು ನಗಲಿಲ್ಲ.

ಆಯುಧಪೂಜೆ ಬಂತು. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನ ತಾಯಿ ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಜೊತೆಗೆ ಆ ಯಂತ್ರವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿದ್ದಳು. ತಿರುಪುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಯಂತ್ರದ ದೀಪ ಆರಿತ್ತು.

“ಅಮ್ಮಾ, ಇದನ್ನ ಯಾಕೆ ಮುಟ್ಟಿದೆ?”

“ಒಂದೊಂದೂ ಒಂದೊಂದು ಕಡೆ ಸೊಟ್ಟಗೆ ನಿಂತಿದ್ವು ಕಣೋ. ನೆಟ್ಟಗೆ ಮಾಡಿದೆ.”

“ಆಫ್ ಯಾಕೆ ಮಾಡಿದೆ?”

“ಹಬ್ಬದ ದಿನ ಅದಕ್ಕೂ ರಜ ಬೇಡವೇನೋ? ನಾಳೆ ಪೂಜೆ ಆಗೋವರೆಗೆ ಮುಟ್ಟಬೇಡ.”

ಅವನು ಓದಿದವನು. ದೇವರಲ್ಲಿ ನಂಬಿಕೆಯಿರಲಿಲ್ಲ. ಆದರೆ ಹೆದರುವುದಕ್ಕೆ ನಂಬಿಕೆಯೇನೂ ಬೇಕಾಗಿಲ್ಲ. ಅಂದು ಮುಟ್ಟಿ ದನಿ ಬಾರದಿದ್ದರೆ ಎಂದುಕೊಂಡು, ಹೂ ಮುಡಿದ ಯಂತ್ರದ ಎದುರು ದಿನವಿಡೀ ಸುಮ್ಮನೆ ಕೂತ. ಸಂಜೆ ನಿರ್ದೇಶಕಿಯ ಫೋನು ಬಂತು. ದೃಶ್ಯ ಸಿದ್ಧವಾಗಿತ್ತು. ನಾಳೆ ಮಧ್ಯಾಹ್ನ ಬರುತ್ತೇನೆ ಎಂದಳು.

ಮರುದಿನ ತಾಯಿ ಹೂ ತೆಗೆದ ಕೂಡಲೇ ಫೋಟೋ ಎದುರಿಗಿಟ್ಟುಕೊಂಡು ತಿರುಪುಗಳನ್ನು ತಿರುಗಿಸಲು ಕೂತ. ದನಿ ಒಮ್ಮೆ ತೆಳುವಾಯಿತು, ಒಮ್ಮೆ ಒರಟಾಯಿತು. ಅಂಗಿ ಬೆನ್ನಿಗೆ ಅಂಟಿಕೊಂಡಿತು. ನಿರ್ದೇಶಕಿಯ ಕಾರು ಬಾಗಿಲಿಗೆ ಬರುವ ಸ್ವಲ್ಪ ಮುಂಚೆ ದನಿ ಬಂತು.

ಆಕೆ ಕೇಳಿ, “ಅದೇ ಸರ್. ಏನೂ ಬದಲಾಗಿಲ್ಲ” ಎಂದಳು.

ತೆರೆಯ ಮೇಲೆ ದೃಶ್ಯ ಓಡಿತು. ಒಬ್ಬ ಹೆಂಗಸು ಬಸ್ಸಿಗೆ ಕಾಯುತ್ತಾಳೆ. ಬಸ್ಸು ಬರುತ್ತದೆ. ಅವಳು ಹತ್ತುವುದಿಲ್ಲ. ಸಂಗೀತಗಾರ ನುಡಿಸಿದ. ಅವನ ಕಣ್ಣು ತಿರುಪುಗಳ ಮೇಲೆಯೇ ಇತ್ತು. ಕಿವಿ ದನಿ ಎಲ್ಲಿ ಕೆಡುತ್ತದೋ ಎಂದು ಹುಡುಕುತ್ತಿತ್ತು. ಬಸ್ಸು ಹೊರಟು ಹೋದದ್ದು ಅವನಿಗೆ ಗೊತ್ತಾಗಲಿಲ್ಲ. ಮತ್ತೆ ನುಡಿಸಿದ. ಮತ್ತೆಯೂ ಹಾಗೆಯೇ ಆಯಿತು. ಬೆರಳುಗಳು ಮರಗಟ್ಟಿದ್ದವು.

ನಿರ್ದೇಶಕಿ ದೃಶ್ಯ ನಿಲ್ಲಿಸಿದಳು. ಆಮೇಲೆ ಮೆಲ್ಲಗೆ, “ಸರ್, ಬೇಜಾರು ಮಾಡ್ಕೋಬೇಡಿ. ತಿರುಪು ಹಾಗೇ ಇರಲಿ. ನುಡಿಸೋಕೆ ಬೇರೆಯವರನ್ನ ಕರೆಸ್ತೀನಿ” ಎಂದಳು.

ಬೇರೆಯವನು ಬಂದ, ನುಡಿಸಿದ, ಹೋದ. ಅವನು ಹೋಗುವವರೆಗೂ ಸಂಗೀತಗಾರ ಬಾಗಿಲಲ್ಲಿ ನಿಂತು, ಯಾರೂ ಒಳಗೆ ಬಾರದಂತೆ ನೋಡಿಕೊಂಡ.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೆ ಗುರುಗಳೇ, ಅವನ ತಾಯಿ ಅದನ್ನು ಮುಟ್ಟದೇ ಇದ್ದಿದ್ದರೆ?” ಎಂದ.

“ಮೊನ್ನೆ ನಿನ್ನನ್ನು ನೋಡಲು ಬಂದ ನಿನ್ನ ತಂಗಿ ಮುಚ್ಚಿದ ಬಾಗಿಲ ಮುಂದೆ ಕೂತು ಕಾದು ಎದ್ದುಹೋದಳಲ್ಲ,” ಎಂದರು ಗುರು, “ಒಳಗೆ ನೀನು ಧ್ಯಾನ ಮಾಡುತ್ತಿದ್ದೆಯೋ, ಧ್ಯಾನವನ್ನು ಕಾಯುತ್ತಿದ್ದೆಯೋ?”