ಗೌಡರ ಹೆಗಲಿಗೆ ದೊಡ್ಡ ಕ್ಯಾಮೆರಾ

ದಾವಣಗೆರೆಯ ನಾಟಕ ಸಂಘವೊಂದು ತನ್ನ ಮೊದಲ ಸಿನಿಮಾ ತೆಗೆಯಲು ಹೊರಟಿತು. ತೆಗೆಯುವವಳು ಸಂಘದ ವೇಷಭೂಷಣ ಹೊಲಿಯುವ ಚನ್ನಬಸಮ್ಮ. ಕ್ಯಾಮೆರಾ ಅಂಗಡಿಯಲ್ಲಿ ಅವಳು ಅಂಗೈಯಲ್ಲಿ ಕೂರುವಂಥ ಸಣ್ಣ ವಿಡಿಯೊ ಕ್ಯಾಮೆರಾ ಆರಿಸಿದಳು. "ಕಲಿಯೋರಿಗೆ ಇದೇ ಸರಿ. ಮೈಕಿಗೂ ದುಡ್ಡು ಉಳಿಯುತ್ತೆ."

ಜೊತೆಗೆ ಬಂದಿದ್ದ ಸಂಘದ ಅಧ್ಯಕ್ಷ ರುದ್ರೇಗೌಡರು ಮೂಗು ಮುರಿದರು. "ಇದು ಆಟಿಕೆ! ಸಂಘದ ಮರ್ಯಾದೆ ಏನಾಗಬೇಕು? ಹೆಗಲ ಮೇಲೆ ಹೊರೋ ಆ ದೊಡ್ಡದನ್ನೇ ತಗೋ!"

"ಆಗಲಿ ಗೌಡ್ರೇ. ಅದನ್ನು ಹೊರೋಕೆ ನಿಮ್ಮಂಥ ಹೆಗಲೇ ಬೇಕು. ಮೊದಲ ದೃಶ್ಯದಲ್ಲಿ ನಾಯಕಿ ಬಸ್ಸಿನ ಹಿಂದೆ ಓಡ್ತಾಳೆ. ಕೊಳ್ಳೋ ಮುಂಚೆ ಒಮ್ಮೆ ನೋಡೇಬಿಡೋಣ, ಅವಳ ಬದಲು ನಾನು ಓಡ್ತೀನಿ, ನೀವು ಹೊತ್ಕೊಂಡು ಹಿಂದೆ ಬನ್ನಿ."

ಗೌಡರು ಉಬ್ಬಿಹೋಗಿ, ಅಂಗಡಿಯವನನ್ನು ಕೇಳಿ ದೊಡ್ಡ ಕ್ಯಾಮೆರಾ ಹೆಗಲಿಗೇರಿಸಿದರು. ಚನ್ನಬಸಮ್ಮ ಸೆರಗು ಸಿಕ್ಕಿಸಿ ಬೀದಿಗಿಳಿದು ಓಡಿದಳು. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಗೌಡರ ಜೀವ ಬಾಯಿಗೆ ಬಂತು. "ಸಾಕು ತಾಯಿ!" ಎಂದು ಕಟ್ಟೆಯ ಮೇಲೆ ಕುಸಿದರು. ಜನ ಸೇರಿದ್ದು ಕಂಡು ಗಂಟಲು ಸರಿಮಾಡಿಕೊಂಡರು. "ಕ್ಯಾಮೆರಾ ಅಂದ್ರೆ ಹಗುರ ಇರಬೇಕು. ನಾನು ಮೊದಲೇ ಹೇಳಿದ್ದೆ!"

"ನಿಮ್ಮ ಮಾತು ಮೀರೋದುಂಟಾ?" ಎಂದಳು ಚನ್ನಬಸಮ್ಮ.

ಸಣ್ಣ ಕ್ಯಾಮೆರಾ ಕೊಂಡು ಅವಳು ಹೊರಬಂದಾಗ ಹೂವಿನವಳು ಕೇಳಿದಳು, "ಸಿನಿಮಾ ತೆಗೆಯೋರು ಯಾರಕ್ಕಾ?"

ಗೌಡರು ಮೀಸೆ ತೀಡಿಕೊಂಡು ಬಾಯಿ ತೆರೆದರು. ಅಷ್ಟರಲ್ಲಿ ಚನ್ನಬಸಮ್ಮ ತಲೆಯೆತ್ತಿ, "ನಾನೇ ಕಣವ್ವಾ!" ಎಂದಳು.